ನೋವು ಇಳಿದ ಮೇಲೆ ಮಂಡಿಯ ಆರೈಕೆ: ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆಯ ನಂತರದ ಒಂದು ಪ್ರಕರಣ ಅಧ್ಯಯನ

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ ಕುಟುಂಬದ 63 ವರ್ಷದ ಮಹಿಳೆ. ಬಲ ಮಂಡಿ ಆರು ವರ್ಷದಿಂದ ನೋಯುತ್ತಿದೆ, ಎಡ ಮಂಡಿ ಎರಡು ವರ್ಷದಿಂದ. ಬಲ ಮಂಡಿಯ ಮೂರು ಸಣ್ಣ ನರಗಳಿಗೆ ರೇಡಿಯೋಫ್ರೀಕ್ವೆನ್ಸಿ ಶಾಖ, ಅಂದರೆ ಸೂಜಿಯ ತುದಿಯಲ್ಲಿ ವಿದ್ಯುತ್ ಅಲೆಯಿಂದ ಹುಟ್ಟಿಸಿದ ಶಾಖ, ಕೊಟ್ಟು ನೋವು ಇಳಿಸಲಾಯಿತು. ಚಿಕಿತ್ಸೆ ಮುಕ್ಕಾಲು ಗಂಟೆಯಲ್ಲಿ ಮುಗಿದರೂ ಚೇತರಿಕೆಗೆ ತಿಂಗಳುಗಳೇ ಹಿಡಿದವು, ನಡುವೆ ಎರಡು ತೊಡಕು ಬಂದವು. ಎರಡೂ ಚಿಕಿತ್ಸಾ ಕೊಠಡಿಯಲ್ಲಿ ಹುಟ್ಟಿದ್ದಲ್ಲ, ಮನೆಯಲ್ಲಿ ಹುಟ್ಟಿದವು. ಅದಕ್ಕೇ ಇಲ್ಲಿ ಸೂಜಿಯ ಭಾಗ ಕಡಿಮೆ, ಆಮೇಲಿನ ಭಾಗ ಹೆಚ್ಚು. ಗುರುತು ಹತ್ತದಿರಲೆಂದು ಒಂದೇ ಬಗೆಯ ಕೆಲವು ರೋಗಿಗಳ ವಿವರಗಳನ್ನು ಇಲ್ಲಿ ಒಬ್ಬರಲ್ಲಿ ಕೂಡಿಸಿದೆ.

ಬಂದಾಗಿನ ಸ್ಥಿತಿ

ತೂಕ 74 ಕಿಲೋ, ಎತ್ತರ 154 ಸೆಂ.ಮೀ., ಅಂದರೆ ಬಿಎಂಐ 31ರ ಆಸುಪಾಸು. ಹತ್ತು ವರ್ಷದ ಸಕ್ಕರೆ ಕಾಯಿಲೆ, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 7.8. ರಕ್ತದೊತ್ತಡಕ್ಕೆ ಮಾತ್ರೆ ಇದೆ. ಮೂತ್ರಪಿಂಡದ ಕೆಲಸ ಹೇಳುವ ಕ್ರಿಯಾಟಿನಿನ್ 1.3, ಸಹಜಕ್ಕಿಂತ ತುಸು ಹೆಚ್ಚು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ನುಂಗಿದ ಡೈಕ್ಲೋಫೆನಾಕ್ ಮಾತ್ರೆಗೆ ಇದರಲ್ಲಿ ಪಾಲಿರುವ ಸಾಧ್ಯತೆ ದೊಡ್ಡದು. ಹಾಗಾಗಿ ಆ ಗುಂಪಿನ ನೋವಿನ ಮಾತ್ರೆಗಳು ಇವರಿಗೆ ಇನ್ನು ಇಲ್ಲ ಎಂಬುದು ಮೊದಲ ದಿನವೇ ತೀರ್ಮಾನವಾಯಿತು.

ನಡೆಯುವಾಗ ನೋವು ಹತ್ತರಲ್ಲಿ 7, ಕೂತಾಗ 4. ಜಗಲಿಯ ಮೂರು ಮೆಟ್ಟಿಲು ಹತ್ತಲು ಕಂಬ ಹಿಡಿಯಬೇಕು. ನೆಲಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಎಚ್ಚರ. ನಿಂತು ತೆಗೆದ ಎಕ್ಸ್‌ರೇಯಲ್ಲಿ ಒಳಬದಿಯ ಸಂದು ಸಾಕಷ್ಟು ಕಿರಿದಾಗಿ, ಮೂಳೆಯ ಅಂಚುಗಳಲ್ಲಿ ಮುಳ್ಳು ಬೆಳೆದಿತ್ತು. ಕೆಲ್‌ಗ್ರೆನ್-ಲಾರೆನ್ಸ್ ಪ್ರಮಾಣದಲ್ಲಿ, ಅಂದರೆ ಸವೆತವನ್ನು 0ರಿಂದ 4ರವರೆಗೆ ಅಳೆಯುವ ಪಟ್ಟಿಯಲ್ಲಿ, 3ನೇ ಹಂತ. ಮಲಗಿಸಿ ತೆಗೆದ ಎಕ್ಸ್‌ರೇ ಸಂದನ್ನು ಇರುವುದಕ್ಕಿಂತ ಅಗಲವಾಗಿ ತೋರಿಸುತ್ತದೆ. ಅಂಥ ಚಿತ್ರ ಹಿಡಿದು ಬಂದವರಿಗೆ ನಿಲ್ಲಿಸಿ ಮತ್ತೊಮ್ಮೆ ತೆಗೆಸುವುದು ಒಳ್ಳೆಯದು.

ಸೊಂಟದ ಕೀಲು ಮತ್ತು ಬೆನ್ನು ನೋಡದೆ ಮಂಡಿಯ ನರಕ್ಕೆ ಕೈ ಹಾಕಬಾರದು. ಸೊಂಟದ ಕೀಲು ಸವೆದವರು ಮಂಡಿ ತೋರಿಸಿಕೊಂಡು ಬರುವುದುಂಟು. ಇವರಲ್ಲಿ ಸೊಂಟ ಒಳಹೊರಗೆ ತಿರುಗಿಸಿದಾಗ ನೋವಿರಲಿಲ್ಲ, ಕಾಲಿನ ನರ ಎಳೆತದ ಲಕ್ಷಣವೂ ಇರಲಿಲ್ಲ. ಮಂಡಿ ಪೂರ್ತಿ ನೇರವಾಗಲು 5 ಡಿಗ್ರಿ ಬಾಕಿ, ಮಡಿಸಿದರೆ 115 ಡಿಗ್ರಿ.

ಇನ್ನೆರಡು ಅಳತೆ ಮುಂದಕ್ಕೆ ಬೇಕಾದವು. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಎದ್ದು ಕೂರುತ್ತಾರೆ ಎಂದು ಎಣಿಸಿದಾಗ 5 ಬಾರಿ. 60ರಿಂದ 64ರ ವಯಸ್ಸಿನ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಬಂದರೆ ಅದು ಸರಾಸರಿಗಿಂತ ಕೆಳಗೆ ಎಂದು ಲೆಕ್ಕ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು 17 ಸೆಕೆಂಡ್ ಹಿಡಿಯಿತು. ತೊಡೆಯ ಮುಂಭಾಗದ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್, ಬಲಗಾಲಿನಲ್ಲಿ ಕಣ್ಣಿಗೇ ಕಾಣುವಷ್ಟು ಸೊರಗಿತ್ತು.

ಸ್ಟೀರಾಯ್ಡ್ ಚುಚ್ಚುಮದ್ದು ಎರಡು ಸಲ ಆಗಿತ್ತು. ಮೊದಲನೆಯದು ಮೂರು ತಿಂಗಳು ಕೆಲಸ ಮಾಡಿತು, ಎರಡನೆಯದು ಐದು ವಾರ. ಎರಡು ಸಲವೂ ಸಕ್ಕರೆ ಕೆಲವು ದಿನ 300 ದಾಟಿತ್ತು. ಮೂಳೆ ತಜ್ಞರು ಮಂಡಿ ಬದಲಿ ಶಸ್ತ್ರಚಿಕಿತ್ಸೆ ಸೂಚಿಸಿದ್ದರು, ಆ ಸಲಹೆ ಸರಿಯಾದದ್ದೇ. ಆದರೆ ಪತಿಗೆ ಆಗಷ್ಟೇ ಹೃದಯದ ಶಸ್ತ್ರಚಿಕಿತ್ಸೆ ಆಗಿತ್ತು, ಮನೆಯಲ್ಲಿ ಇಬ್ಬರು ಮಲಗುವಂತಿರಲಿಲ್ಲ. ಅವರು ಬೇಡ ಎನ್ನಲಿಲ್ಲ, ಈ ವರ್ಷ ಬೇಡ ಎಂದರು. ನೋವಿನ ಮಾತ್ರೆಯ ದಾರಿ ಮುಚ್ಚಿದೆ, ಸ್ಟೀರಾಯ್ಡ್ ಪರಿಣಾಮ ಕುಗ್ಗುತ್ತಿದೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಕಾಯಬೇಕು. ಇಂಥವರಿಗೆ ನರಕ್ಕೆ ಶಾಖ ಕೊಡುವ ಚಿಕಿತ್ಸೆ ಹೊಂದುತ್ತದೆ.

ಪರೀಕ್ಷೆಯ ಬ್ಲಾಕ್

ಮಂಡಿಯ ನೋವನ್ನು ಮೇಲಕ್ಕೆ ಒಯ್ಯುವ ಜೆನಿಕ್ಯುಲರ್ ನರಗಳಲ್ಲಿ ಮೂರನ್ನು ಸಾಮಾನ್ಯವಾಗಿ ಆರಿಸುತ್ತಾರೆ: ತೊಡೆಮೂಳೆಯ ಕೆಳತುದಿಯ ಒಳಬದಿ, ಹೊರಬದಿ, ಮತ್ತು ಮೊಣಕಾಲ ಕೆಳಗಿನ ಮೂಳೆಯ ಒಳಬದಿ. ಕೆಳಗಿನ ಹೊರಬದಿಯದನ್ನು ಬಿಡುತ್ತಾರೆ. ಪಾದವನ್ನು ಮೇಲೆತ್ತುವ ಪೆರೋನಿಯಲ್ ನರ ಅಲ್ಲೇ ಪಕ್ಕದಲ್ಲಿ ಸುತ್ತಿಕೊಂಡು ಹೋಗುತ್ತದೆ, ಅದಕ್ಕೆ ಶಾಖ ತಗುಲಿದರೆ ಪಾದ ಜೋತು ಬೀಳುತ್ತದೆ.

ಮೊದಲು ಪ್ರತಿ ಜಾಗಕ್ಕೂ ಮರಗಟ್ಟಿಸುವ ಔಷಧಿ, 2 ಶೇಕಡ ಲಿಗ್ನೋಕೇನ್ 1 ಮಿ.ಲೀ. ಮಾತ್ರ ಹಾಕಿ ನೋಡಲಾಯಿತು; ನರವನ್ನು ಹೀಗೆ ತಾತ್ಕಾಲಿಕವಾಗಿ ಮರಗಟ್ಟಿಸುವುದೇ ಬ್ಲಾಕ್. ಮೂರ್ನಾಲ್ಕು ಮಿ.ಲೀ. ತುಂಬಿದರೆ ಔಷಧಿ ಸುತ್ತ ಹರಡಿ, ಆ ನರಕ್ಕೆ ಸಂಬಂಧವೇ ಇಲ್ಲದ ನೋವೂ ಇಳಿದಂತೆ ತೋರುತ್ತದೆ. 20 ನಿಮಿಷದ ನಂತರ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ಇಳಿಸಿದಾಗ ನೋವು 7ರಿಂದ 2ಕ್ಕೆ ಬಂತು. ಮಲಗಿಸಿಕೊಂಡೇ ಕೇಳಿದರೆ ಯಾರಿಗೂ ನೋವಿರುವುದಿಲ್ಲ. ನೋವು ಬರುವ ಕೆಲಸವನ್ನೇ ಮಾಡಿಸಿ ಕೇಳಬೇಕು.

ಅರ್ಧಕ್ಕರ್ಧ ನೋವು ಇಳಿದರೆ ಮುಂದುವರಿಯಬಹುದು ಎಂಬುದು ರೂಢಿಯ ಗೆರೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಗೆರೆ ಇಟ್ಟುಕೊಂಡು ಆರಿಸಿದವರಿಗೂ ಬ್ಲಾಕ್ ಇಲ್ಲದೆಯೇ ಚಿಕಿತ್ಸೆ ಪಡೆದವರಿಗೂ ಫಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೂ ಬ್ಲಾಕ್ ಮಾಡುವುದು ಒಳ್ಳೆಯದು ಎನ್ನುವುದು ನಮ್ಮ ನಿಲುವು. ಯಾವ ನೋವು ಇಳಿಯುತ್ತದೆ, ಯಾವುದು ಉಳಿಯುತ್ತದೆ ಎಂದು ರೋಗಿಗೆ ಮೊದಲೇ ಗೊತ್ತಾಗುತ್ತದೆ. ಇವರಿಗೆ ಮಂಡಿಯ ಹಿಂಭಾಗದ ಬಿಗಿತ ಬ್ಲಾಕ್ ನಂತರವೂ ಹಾಗೆಯೇ ಇತ್ತು. ಅದು ಈ ಮೂರು ನರಗಳ ವ್ಯಾಪ್ತಿಯಲ್ಲ. ಮುಂದೆ ಅದೇ ಬಿಗಿತ ಉಳಿದಾಗ ಚಿಕಿತ್ಸೆ ವಿಫಲ ಎಂದು ಅವರು ಎದೆಗುಂದಲಿಲ್ಲ.

ಚಿಕಿತ್ಸೆಯ ದಿನ

ನವೆಂಬರ್ ಮೊದಲ ವಾರ, ಶಿವಮೊಗ್ಗದಲ್ಲಿ. ಆಸ್ಪಿರಿನ್ 75 ಮಿ.ಗ್ರಾಂ. ನಿಲ್ಲಿಸಲಿಲ್ಲ. ಇದು ರಕ್ತಸ್ರಾವದ ಅಪಾಯ ಕಡಿಮೆಯಿರುವ ಚಿಕಿತ್ಸೆ, ಸುಮ್ಮನೆ ಆಸ್ಪಿರಿನ್ ಬಿಡಿಸಿದರೆ ಹೃದಯಕ್ಕೇ ಅಪಾಯ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇದ್ದರೆ ಮಾತು ಬೇರೆ, ಅದನ್ನು ಕೊಟ್ಟ ವೈದ್ಯರ ಜೊತೆ ಮಾತಾಡಿಯೇ ತೀರ್ಮಾನಿಸಬೇಕು. ಪೇಸ್‌ಮೇಕರ್ ಇದೆಯೇ ಎಂದು ಕೇಳದೆ ಯಂತ್ರ ಚಾಲೂ ಮಾಡುವಂತಿಲ್ಲ.

ಮಂಡಿಯ ಕೆಳಗೆ ದಿಂಬಿಟ್ಟು ಸ್ವಲ್ಪ ಮಡಿಸಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಮೂಳೆ ನೋಡಿಕೊಂಡು ಸೂಜಿ ಇಳಿಸಿದರು. ಎದುರಿನಿಂದ ನೋಡಿದಾಗ ಮೂಳೆಯ ಕಾಂಡ ಅಗಲವಾಗತೊಡಗುವ ತಿರುವು, ಪಕ್ಕದಿಂದ ನೋಡಿದಾಗ ಮೂಳೆಯ ಅರ್ಧ ಆಳ, ಸೂಜಿಯ ತುದಿ ನಿಲ್ಲಬೇಕಾದದ್ದು ಅಲ್ಲಿ. 50 ಹರ್ಟ್ಸ್ ಪ್ರಚೋದನೆ ಕೊಟ್ಟಾಗ 0.5 ವೋಲ್ಟ್‌ನೊಳಗೆ ಅವರ ಪರಿಚಯದ ನೋವೇ ಬಂತು. 2 ಹರ್ಟ್ಸ್‌ನಲ್ಲಿ 2 ವೋಲ್ಟ್‌ವರೆಗೆ ಏರಿಸಿದರೂ ಕಾಲಿನ ಸ್ನಾಯು ಅದುರಲಿಲ್ಲ, ಅಂದರೆ ಚಲನೆಯ ನರ ಹತ್ತಿರದಲ್ಲಿಲ್ಲ. ಮರಗಟ್ಟುವ ಔಷಧಿ ಹಾಕಿ, ಒಂದೆರಡು ನಿಮಿಷ ಕಾದು, ಪ್ರತಿ ಜಾಗದಲ್ಲೂ 80 ಡಿಗ್ರಿ ಸೆಲ್ಸಿಯಸ್ ಶಾಖ 90 ಸೆಕೆಂಡ್. ತುದಿಗೆ ನೀರು ಹರಿಸಿ ತಂಪಾಗಿಡುವ ಇನ್ನೊಂದು ಬಗೆಯ ಸೂಜಿಯೂ ಇದೆ. ಅದರಲ್ಲಿ ತುದಿಯ ಉಷ್ಣತೆ 60 ಡಿಗ್ರಿ, ಸಮಯ 150 ಸೆಕೆಂಡ್, ಸುಡುವ ವಲಯ ದೊಡ್ಡದು, ಬೆಲೆಯೂ ಹೆಚ್ಚು.

ಶಾಖ ಕೊಟ್ಟ ಮೇಲೆ ಅದೇ ಸೂಜಿಯಲ್ಲಿ ಸ್ವಲ್ಪ ಸ್ಟೀರಾಯ್ಡ್ ಬಿಡುವ ಪದ್ಧತಿ ಕೆಲವೆಡೆ ಇದೆ. ಇವರ ಸಕ್ಕರೆಯ ಚರಿತ್ರೆ ನೋಡಿ ಅದನ್ನು ಕೈಬಿಡಲಾಯಿತು.

ಎರಡು ಗಂಟೆ ಮಲಗಿಸಿ, ಪಾದ ಮೇಲೆತ್ತಿಸಿ ನೋಡಿ, ಕೈ ಹಿಡಿದು ನಡೆಸಿ ಕಳಿಸಿದರು. ಮರಗಟ್ಟುವ ಔಷಧಿಯಿಂದ ಕಾಲು ಕೆಲವು ಗಂಟೆ ಸ್ವಾಧೀನದಲ್ಲಿಲ್ಲ ಎನಿಸುತ್ತದೆ. ಸಾಗರದ ಕಡೆಗೆ 70 ಕಿ.ಮೀ. ದಾಟಿದ ಪ್ರಯಾಣವಾದ್ದರಿಂದ ಬಸ್ಸಿನ ಬದಲು ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ನಡುವೆ ಒಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದು ಹೋದರು.

ಮೊದಲ ವಾರ, ಮತ್ತು ಉಪ್ಪಿನ ಗಂಟು

ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಒಮ್ಮೆಗೆ 15 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ. ಪಟ್ಟಿ 24 ಗಂಟೆಯ ನಂತರ ತೆಗೆದು ಸ್ನಾನ. ಹೊಳೆ, ಕೆರೆಯಲ್ಲಿ ಮುಳುಗುವುದು ಒಂದು ವಾರ ಬೇಡ. ನೋವಿಗೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ದಿನಕ್ಕೆ ಮೂರು ಸಲ. ಮನೆಯೊಳಗೆ ನಡೆದಾಡಬಹುದು, ಎಡಗೈಯಲ್ಲಿ ಕೋಲು. ನೋಯುವ ಕಾಲಿನ ಎದುರು ಕೈಯಲ್ಲೇ ಕೋಲು ಹಿಡಿಯಬೇಕು ಎನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಬಲ ಮಂಡಿಗೆ ಬಲಗೈ ಕೋಲು ಹಿಡಿದು ವರ್ಷಗಟ್ಟಲೆ ನಡೆದವರಿದ್ದಾರೆ. ಕೋಲಿನ ಹಿಡಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು.

ನಾಲ್ಕನೆಯ ದಿನ ಸಂಜೆ ಮಂಡಿಯ ಒಳಬದಿ, ಕೆಳಗೆ, ಮೂರು ಬೆರಳಗಲದ ಗುಳ್ಳೆ ಎದ್ದಿತ್ತು. ಮಗಳು ಫೋಟೋ ಕಳಿಸಿದರು. ರೇಡಿಯೋಫ್ರೀಕ್ವೆನ್ಸಿಯಲ್ಲೂ ಚರ್ಮ ಸುಡುವುದುಂಟು. ಕೆಳಗಿನ ಒಳಬದಿಯಲ್ಲಿ ಮೂಳೆಯ ಮೇಲೆ ಮಾಂಸ ತೆಳು, ಸೂಜಿಯ ಬಿಸಿ ತುದಿ ಚರ್ಮಕ್ಕೆ ಹತ್ತಿರ ಬಂದರೆ ಸುಡುತ್ತದೆ. ಆದರೆ ಆ ಸುಟ್ಟಗಾಯ ಚುಚ್ಚಿದ ಜಾಗದಲ್ಲೇ, ಅಂದೇ ಅಥವಾ ಮರುದಿನವೇ, ಸಣ್ಣ ಬಿಳಿ ಇಲ್ಲವೇ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಇದು ಚುಚ್ಚಿದ ಜಾಗದಿಂದ ಎರಡು ಬೆರಳು ದೂರ, ಅಗಲವಾಗಿ, ದುಂಡಗೆ, ನಾಲ್ಕನೆಯ ದಿನ. ವಿಚಾರಿಸಿದಾಗ ಗೊತ್ತಾಯಿತು: ಸೊಸೆ ಅಕ್ಕರೆಯಿಂದ ಕಾವಲಿಯ ಮೇಲೆ ಕಾಸಿದ ಉಪ್ಪಿನ ಗಂಟಿನಿಂದ ಶಾಖ ಕೊಟ್ಟಿದ್ದರು. ಬಿಸಿ ಹೆಚ್ಚಾಯಿತೇ ಎಂದು ಕೇಳಿದ್ದಕ್ಕೆ ಅತ್ತೆ ಇಲ್ಲ ಎಂದಿದ್ದರು. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಕಾರಣ ಸರಳ. ಕೆಳಗಿನ ಒಳಬದಿಯ ಗುರಿಯ ಬಳಿ ಸಫೀನಸ್ ನರದ ಒಂದು ಕವಲು ಚರ್ಮಕ್ಕೆ ಹೋಗುತ್ತದೆ. ಅದಕ್ಕೆ ಸ್ವಲ್ಪ ಶಾಖ ತಗುಲಿದರೆ ಅಂಗೈಯಗಲದಷ್ಟು ಚರ್ಮ ಕೆಲವು ವಾರ, ಕೆಲವರಲ್ಲಿ ತಿಂಗಳುಗಳ ಕಾಲ, ಜೋಮು ಹಿಡಿದಂತಿರುತ್ತದೆ. ಅದು ಅಪಾಯವಲ್ಲ, ಹೆಚ್ಚಿನವರಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಅಷ್ಟು ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಂತೂ ಸ್ಪರ್ಶ ಮೊದಲೇ ಮಂಕಾಗಿರುತ್ತದೆ, ಗಾಯವೂ ಬೇಗ ಮಾಗುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಹಂಡೆಯ ಕುದಿನೀರು, ಬಿಸಿ ಮಾಡಿದ ಎಣ್ಣೆ, ಬೆಂಕಿಯ ಮುಂದೆ ಕಾಲು ಕಾಯಿಸಿಕೊಳ್ಳುವುದು, ಎಲ್ಲವೂ ದಿನನಿತ್ಯದ್ದು. ಶಾಖ ಕೊಡಬೇಡಿ ಎಂದು ರೋಗಿಗೆ ಹೇಳಿದರೆ ಸಾಲದು, ಶಾಖ ಕೊಡುವವರಿಗೆ ಹೇಳಬೇಕು. ನೀರಿನ ಹದವನ್ನು ಮೊಣಕೈಯಿಂದ ನೋಡಿಯೇ ಆ ಕಾಲಿಗೆ ಸುರಿಯಬೇಕು.

ಗುಳ್ಳೆಯನ್ನು ಒಡೆಯಲಿಲ್ಲ. ಅಂಟದ ಪಟ್ಟಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ದಿನ ಬಿಟ್ಟು ದಿನ ಬದಲಿಸಿ, ಹತ್ತಿರದ ಆಸ್ಪತ್ರೆಯಲ್ಲಿ ಎರಡು ಸಲ ತೋರಿಸಿ, ಎರಡು ವಾರಕ್ಕೆ ಮಾಗಿತು. ಅರಿಶಿನ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ ಎಂದು ಹೇಳಲೇಬೇಕಾಯಿತು. ಸುಟ್ಟದ್ದು ಕೂಡಲೇ ಗೊತ್ತಾಗಿದ್ದರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬಹುದಿತ್ತು.

ಉರಿಯ ದಿನಗಳು

ಐದನೆಯ ದಿನದಿಂದ ಹನ್ನೆರಡನೆಯ ದಿನದವರೆಗೆ ಮಂಡಿಯ ಮೇಲ್ಭಾಗದಲ್ಲಿ ಉರಿ. ಸೀರೆಯ ಅಂಚು ತಾಗಿದರೂ ಸಹಿಸಲಾಗದು. ನಡೆಯುವಾಗಿನ ನೋವು 6, ಅಂದರೆ ಹೆಚ್ಚುಕಡಿಮೆ ಮೊದಲಿದ್ದಷ್ಟೇ. ಬ್ಲಾಕ್ ದಿನದ ಸುಖ ನೆನಪಿರುವುದರಿಂದ ಈ ಹೊತ್ತಿನಲ್ಲಿ ನಿರಾಸೆ ಹೆಚ್ಚು. ‘ಅಷ್ಟು ದುಡ್ಡು ಹಾಕಿ ಮಾಡಿಸಿದ್ದು ದಂಡ ಆಯ್ತೇನೋ ಡಾಕ್ಟ್ರೇ’ ಎಂದು ಮನೆಯವರು ಕೇಳುವುದು ಈ ವಾರದಲ್ಲೇ.

ಸುಟ್ಟ ನರದ ತುದಿ ಕೆರಳಿ ಹೀಗಾಗುತ್ತದೆ. ಕೆಲವರಿಗೆ ಎರಡು-ಮೂರು ದಿನ, ಕೆಲವರಿಗೆ ಎರಡು ವಾರ, ಕೆಲವರಿಗೆ ಏನೂ ಇಲ್ಲ. ನಿಜವಾದ ಫಲ ಕಾಣುವುದು ಎರಡನೆಯ ವಾರದಿಂದ ನಾಲ್ಕನೆಯ ವಾರದೊಳಗೆ. ಇದನ್ನು ಚಿಕಿತ್ಸೆಗೆ ಮೊದಲೇ, ಮನೆಯವರನ್ನು ಕೂರಿಸಿಕೊಂಡು ಹೇಳಿದ್ದರೆ ಅರ್ಧ ಕಳವಳ ತಪ್ಪುತ್ತದೆ.

ಇವರಿಗೆ ರಾತ್ರಿ ಗ್ಯಾಬಪೆಂಟಿನ್ 100 ಮಿ.ಗ್ರಾಂ. ಹತ್ತು ದಿನ ಕೊಡಲಾಯಿತು. ಈ ಮಾತ್ರೆ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ, ಕ್ರಿಯಾಟಿನಿನ್ ಏರಿದವರಲ್ಲಿ ಕಡಿಮೆ ಪ್ರಮಾಣ ಸಾಕು. ಮಂಪರು ಬರುತ್ತದೆ. ರಾತ್ರಿ ಒಬ್ಬರೇ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಹಾಗಾಗಿ ಮಂಚದ ಪಕ್ಕ ಕೈಗೆಟಕುವ ದೀಪ, ಬಚ್ಚಲ ದಾರಿಯಲ್ಲಿ ಚಾಪೆ-ಹೊಸ್ತಿಲು ಅಡ್ಡ ಬರದಂತೆ ಜಾಗ, ಇವೂ ಮಾತ್ರೆಯ ಜೊತೆಗೇ ಬರಬೇಕಾದ ಏರ್ಪಾಡು.

ಕಾಯದೆ ಬರಬೇಕಾದ ಲಕ್ಷಣಗಳು ಬೇರೆ: ಚಳಿ-ಜ್ವರ, ಮಂಡಿ ಕೆಂಪಾಗಿ, ಬಿಸಿಯಾಗಿ, ಅಲುಗಾಡಿಸಲು ಆಗದಷ್ಟು ನೋವು, ಪಾದ ಮೇಲೆತ್ತಲಾಗದೆ ನಡೆಯುವಾಗ ಬೆರಳು ನೆಲಕ್ಕೆ ತಾಗುವುದು, ಮೀನಖಂಡ ಒಂದೇ ಕಡೆ ಊದಿ ಬಿಗಿಯುವುದು. ಮೊದಲೆರಡು ಕೀಲಿನೊಳಗಿನ ಕೀವಿನ ಸೂಚನೆ. ಅಂಥ ಹೊತ್ತಿನಲ್ಲಿ ಸ್ಥಳೀಯವಾಗಿ ಆ್ಯಂಟಿಬಯೋಟಿಕ್ ಮಾತ್ರೆ ಶುರುಮಾಡಿ ಎರಡು ದಿನ ನೋಡುವುದು ದೊಡ್ಡ ತಪ್ಪು. ಕೀಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸುವ ಮೊದಲೇ ಔಷಧಿ ಬಿದ್ದರೆ ಯಾವ ರೋಗಾಣು ಎಂದು ಪತ್ತೆ ಹಚ್ಚುವುದು ಕಷ್ಟವಾಗುತ್ತದೆ.

ಮೂರನೆಯ ವಾರ: ನೋವಿಲ್ಲದ ಮಂಡಿಯ ಅಪಾಯ

ಹದಿನಾರನೆಯ ದಿನಕ್ಕೆ ನೋವು 2. ರಾತ್ರಿ ಪೂರ್ತಿ ನಿದ್ದೆ. ಜಗಲಿ ಮೆಟ್ಟಿಲನ್ನು ಕಂಬ ಹಿಡಿಯದೆ ಹತ್ತಿದರು. ಮನೆಯ ಅಂಗಳದಲ್ಲಿ ಆಗ ಅಡಿಕೆ ಕೊಯ್ಲಿನ ಭರಾಟೆ, ಸುಲಿಯಲು ಜನ ಸಾಲದು. ಮೂರು ದಿನ, ದಿನಕ್ಕೆ ನಾಲ್ಕೈದು ಗಂಟೆ, ಮೆಟ್ಟುಗತ್ತಿಯ ಮುಂದೆ ಮಣೆ ಹಾಕಿ ಕೂತರು. ಮಂಡಿ ಆಳವಾಗಿ ಮಡಿದು, ಒಂದು ಕಾಲು ಕತ್ತಿಯ ಹಲಗೆ ಮೆಟ್ಟಿ, ಗಂಟೆಗಟ್ಟಲೆ ಒಂದೇ ಭಂಗಿ. ಕೂತಾಗ ನೋಯಲೇ ಇಲ್ಲ. ನಾಲ್ಕನೆಯ ಬೆಳಿಗ್ಗೆ ಮಂಡಿ ಊದಿ, ಅದರ ಹಳ್ಳಗಳೆಲ್ಲ ತುಂಬಿ, ಮಡಿಸಿದರೆ 95 ಡಿಗ್ರಿಗೆ ನಿಲ್ಲುತ್ತಿತ್ತು.

ಪರೀಕ್ಷೆಯಲ್ಲಿ ಜ್ವರವಿಲ್ಲ, ಮಂಡಿ ಬೆಚ್ಚಗಿದೆ ಆದರೆ ಸುಡುತ್ತಿಲ್ಲ, ಅಲುಗಾಡಿಸಿದರೆ ಸಹಿಸುವಷ್ಟೇ ನೋವು, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಸಹಜ. ಎರಡು ಮೀನಖಂಡಗಳ ಸುತ್ತಳತೆಯಲ್ಲಿ ವ್ಯತ್ಯಾಸ ಒಂದು ಸೆಂ.ಮೀ. ಒಳಗೆ. ಕೀವು ಮತ್ತು ರಕ್ತ ಹೆಪ್ಪುಗಟ್ಟುವಿಕೆ ಎರಡೂ ದೂರ ಸರಿದವು. ಉಳಿದದ್ದು ಸವೆದ ಕೀಲಿಗೆ ಹೊರೆ ಹೆಚ್ಚಾಗಿ ತುಂಬಿದ ನೀರು, ಜೊತೆಗೆ ಒಳಬದಿಯ ಕೆಳಗೆ, ಸ್ನಾಯುರಜ್ಜುಗಳು ಅಂಟುವಲ್ಲಿ, ಒತ್ತಿದರೆ ನೋವು.

ಈ ಪ್ರಕರಣದಿಂದ ಬೇರೆ ರೋಗಿಗಳಿಗೆ ಹೆಚ್ಚು ಉಪಯೋಗವಾಗುವ ವಿಷಯ ಇಲ್ಲಿದೆ. ರೇಡಿಯೋಫ್ರೀಕ್ವೆನ್ಸಿ ಮೃದ್ವಸ್ಥಿಯನ್ನು ಬೆಳೆಸುವುದಿಲ್ಲ, ಉರಿಯೂತವನ್ನು ಆರಿಸುವುದಿಲ್ಲ. ಕೀಲು ಇದ್ದಂತೆಯೇ ಇದೆ, ಸುದ್ದಿ ಒಯ್ಯುವ ಮೂರು ತಂತಿ ಮಾತ್ರ ಕಡಿದಿವೆ. ಉಳಿದ ನರಗಳಿಂದ ಒಂದಷ್ಟು ಸುದ್ದಿ ಬರುತ್ತದೆ, ಆದರೆ ತಡವಾಗಿ, ಮಂದವಾಗಿ. ‘ನೋವು ಬಂದರೆ ನಿಲ್ಲಿಸಿ’ ಎಂಬ ಎಲ್ಲರೂ ಕೊಡುವ ಸಲಹೆ ಈ ರೋಗಿಗಳಿಗೆ ಸಾಲುವುದಿಲ್ಲ. ಇವರಲ್ಲಿ ನೋವು ನಂಬಬಹುದಾದ ಅಳತೆಯಲ್ಲ, ಊತವೇ ಅಳತೆ.

ಅದಕ್ಕೆ ಬೇಕಾದ ಸಲಕರಣೆ ದರ್ಜಿಯ ಟೇಪು. ದಿನಾ ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲು, ಕಾಲು ನೇರವಾಗಿ ಚಾಚಿ, ಚಿಪ್ಪಿನ ನಡುಮಟ್ಟದಲ್ಲಿ ಸುತ್ತಳತೆ ತೆಗೆದು ಕ್ಯಾಲೆಂಡರಿನಲ್ಲಿ ಬರೆಯುವುದು. ಟೇಪು ಬಿಗಿಯಬಾರದು, ಅಳೆಯುವವರು ದಿನಾ ಒಬ್ಬರೇ ಆದರೆ ಒಳ್ಳೆಯದು. ಇವರ ಸಹಜ ಅಳತೆ 39.5 ಸೆಂ.ಮೀ., ಊದಿದಾಗ 42. ನಿಯಮ ಇಷ್ಟು: ಅರ್ಧ ಸೆಂ.ಮೀ. ಒಳಗಿನ ಏರಿಳಿತ ಲೆಕ್ಕಕ್ಕಿಲ್ಲ. ಸಹಜಕ್ಕಿಂತ 1 ಸೆಂ.ಮೀ. ಅಥವಾ ಹೆಚ್ಚಿದ್ದರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು, ಇಂದು ಅರ್ಧ ಮಾಡಿ. ಎರಡು ದಿನವಾದರೂ ಇಳಿಯದಿದ್ದರೆ ಫೋನ್ ಮಾಡಿ.

ಊತಕ್ಕೆ ಇಷ್ಟು ಮಹತ್ವ ಯಾಕೆಂದರೆ, ಕೀಲಿನೊಳಗೆ 20-30 ಮಿ.ಲೀ. ದ್ರವ ಹೆಚ್ಚಾದರೂ ತೊಡೆಸ್ನಾಯುವಿನ ಒಳಭಾಗ ಸರಿಯಾಗಿ ಬಿಗಿಯುವುದಿಲ್ಲ. ನೋವಿಲ್ಲದಿದ್ದರೂ ಮೆದುಳಿನಿಂದ ಬರುವ ಆಜ್ಞೆಗೆ ಅಡ್ಡಿಯಾಗುತ್ತದೆ. ಸ್ನಾಯು ಬಿಗಿಯದೆ ಇಟ್ಟ ಹೆಜ್ಜೆಯ ಹೊಡೆತವೆಲ್ಲ ಮೂಳೆಗೇ ಬೀಳುತ್ತದೆ, ಊತ ಮತ್ತೆ ಹೆಚ್ಚುತ್ತದೆ.

ಹತ್ತು ದಿನ ನೆಲಕ್ಕೆ ಕೂರುವುದು ನಿಲ್ಲಿಸಿ, ಐಸ್, ಎಲಾಸ್ಟಿಕ್ ಬ್ಯಾಂಡೇಜ್, ಮಲಗಿದಾಗ ಕಾಲು ಎತ್ತರದಲ್ಲಿ. ಬ್ಯಾಂಡೇಜನ್ನು ಪಾದದ ಕಡೆಯಿಂದ ಮೇಲಕ್ಕೆ ಸುತ್ತಿ, ರಾತ್ರಿ ಬಿಚ್ಚಿಡಬೇಕು. ನೀರು ತೆಗೆಯುವ ಅಗತ್ಯ ಬರಲಿಲ್ಲ. ಹನ್ನೆರಡನೆಯ ದಿನಕ್ಕೆ ಅಳತೆ 40ಕ್ಕೆ ಬಂತು. ಅಡಿಕೆ ಕೆಲಸ ಪೂರ್ತಿ ಬಿಡಿ ಎಂದರೆ ಅವರು ಕೇಳುತ್ತಿರಲಿಲ್ಲ, ಕೇಳಬೇಕೆಂದು ಒತ್ತಾಯಿಸುವುದೂ ನ್ಯಾಯವಲ್ಲ. ಸುಲಿಯುವುದನ್ನು ಬಿಟ್ಟು, ಒಣಗಿದ ಅಡಿಕೆ ವಿಂಗಡಿಸುವ ಕೆಲಸ ಹಿಡಿದರು. ಮೇಜಿನ ಮೇಲೆ ಸುರಿದುಕೊಂಡು, ಕುರ್ಚಿಯಲ್ಲಿ ಕೂತು, ಅರ್ಧ ಗಂಟೆಗೊಮ್ಮೆ ಎದ್ದು ನಡೆದು. ಅಡುಗೆಮನೆಯ ಈಳಿಗೆ ಮಣೆ ಕಟ್ಟೆಯ ಮೇಲಿನ ಚಾಕುವಿಗೆ ದಾರಿ ಬಿಟ್ಟಿತು. ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯದ ಮೇಲೆ ಇಡುವ ಕಮೋಡ್ ಕುರ್ಚಿ ಬಂತು. ಈ ಕುರ್ಚಿಯ ಕಾಲಿಗೆ ರಬ್ಬರ್ ಬಿರಡೆ ಇದೆಯೇ ಎಂದು ನೋಡಿ ಕೊಳ್ಳಬೇಕು, ಒದ್ದೆ ನೆಲದಲ್ಲಿ ಜಾರುತ್ತದೆ.

ವ್ಯಾಯಾಮ

ಮೊದಲ ವಾರ: ಮಲಗಿ ಪಾದ ಹಿಂದೆ-ಮುಂದೆ ಆಡಿಸುವುದು, ಮಂಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವುದು, 10 ಬಾರಿ, ದಿನಕ್ಕೆ ಮೂರು ಹೊತ್ತು. ಮೂರನೆಯ ದಿನದಿಂದ ನೇರ ಕಾಲನ್ನು ಒಂದು ಅಡಿ ಎತ್ತಿ ಇಳಿಸುವುದು, 10 ಬಾರಿಯಂತೆ ಎರಡು ಸುತ್ತು. ಎತ್ತುವಾಗ ಮಂಡಿ ಬಾಗಿದರೆ ಆ ವ್ಯಾಯಾಮಕ್ಕೆ ಕಾಲು ಇನ್ನೂ ತಯಾರಿಲ್ಲ, ಒತ್ತುವುದನ್ನೇ ಮುಂದುವರಿಸಬೇಕು.

ಎರಡನೆಯ ವಾರ ಹಿಮ್ಮಡಿ ಜಾರಿಸಿ ಮಂಡಿ ಮಡಿಸುವುದು, ಎಡಮಗ್ಗುಲಲ್ಲಿ ಮಲಗಿ ಬಲಗಾಲು ಪಕ್ಕಕ್ಕೆ ಎತ್ತುವುದು ಸೇರಿತು. ಪಿರ್ರೆಯ ಪಕ್ಕದ ಸ್ನಾಯು ಸೋತವರು ಓಲಾಡಿಕೊಂಡು ನಡೆಯುತ್ತಾರೆ. ಮಂಡಿಗೆ ಮಾತ್ರ ವ್ಯಾಯಾಮ ಮಾಡಿಸಿ ಇದನ್ನು ಬಿಟ್ಟರೆ ನಡಿಗೆ ಸುಧಾರಿಸುವುದಿಲ್ಲ.

ಮೂರನೆಯ ವಾರದಲ್ಲಿ ಎದ್ದು-ಕೂರುವುದು ಶುರುವಾಗಬೇಕಿತ್ತು. ಊತದಿಂದಾಗಿ ಐದನೆಯ ವಾರಕ್ಕೆ ಹೋಯಿತು. ಮನೆಯ ಎತ್ತರದ ಮಂಚದಿಂದ ಪ್ರಾರಂಭ, ಸುಮಾರು 55 ಸೆಂ.ಮೀ. ಏಳುವಾಗ ಎರಡು ಎಣಿಕೆ, ಕೂರುವಾಗ ನಾಲ್ಕು ಎಣಿಕೆ. ದೊಪ್ಪನೆ ಕೂತರೆ ಲಾಭವಿಲ್ಲ. 8 ಬಾರಿಯಂತೆ ಎರಡು ಸುತ್ತು, ವಾರದಲ್ಲಿ ನಾಲ್ಕು ದಿನ. ಆಮೇಲೆ 45 ಸೆಂ.ಮೀ. ಕುರ್ಚಿ. ಏಳನೆಯ ವಾರ 10 ಸೆಂ.ಮೀ. ಹಲಗೆ ಹತ್ತಿ ಇಳಿಯುವುದು, ಹತ್ತನೆಯ ವಾರ 15 ಸೆಂ.ಮೀ., ಅಂದರೆ ಜಗಲಿಯ ಮೆಟ್ಟಿಲೇ. ಕಾಲಿಗೆ ಕಟ್ಟುವ ತೂಕ ಅರ್ಧ ಕಿಲೋದಿಂದ ಒಂದೂವರೆ ಕಿಲೋವರೆಗೆ. ಪೇಟೆಯಲ್ಲಿ ಸಿಗದಿದ್ದರೆ ಬಟ್ಟೆಯ ಚೀಲದಲ್ಲಿ ಮರಳು ತೂಗಿ ತುಂಬಿ ಹೊಲಿದರೆ ಸಾಕು. ವಾರಕ್ಕೊಂದೇ ಬದಲಾವಣೆ: ಎತ್ತರ ಹೆಚ್ಚಿಸಿದ ವಾರ ತೂಕ ಹೆಚ್ಚಿಸುವಂತಿಲ್ಲ. ಎರಡನ್ನೂ ಒಟ್ಟಿಗೆ ಏರಿಸಿ ಮಂಡಿ ಊದಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿದ್ದು ಎರಡು ವಾರಕ್ಕೊಮ್ಮೆ, ಉಳಿದದ್ದು ಮನೆಯಲ್ಲೇ. ಹಳ್ಳಿಯಿಂದ ದಿನಾ ಓಡಾಡಿಸುವ ಯೋಜನೆ ಎರಡನೇ ವಾರಕ್ಕೇ ನಿಂತುಹೋಗುತ್ತದೆ.

ತೂಕದ ಬಗ್ಗೆ ಒಂದು ಲೆಕ್ಕ ಅವರ ಮನಸ್ಸಿಗೆ ಹಿಡಿಸಿತು: ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ರಾತ್ರಿಯ ಅನ್ನ ಅರ್ಧವಾಯಿತು, ಪಲ್ಯ ಹೆಚ್ಚಾಯಿತು, ಸಂಜೆಯ ಕರಿದ ತಿಂಡಿ ಭಾನುವಾರಕ್ಕೆ ಸರಿಯಿತು. ಆರು ತಿಂಗಳಲ್ಲಿ 74ರಿಂದ 70 ಕಿಲೋ, ಎಚ್‌ಬಿಎ1ಸಿ 7.1.

ಅಂಕಿಗಳು ಹೇಳಿದ್ದು

ಮೂರು ತಿಂಗಳಿಗೆ ನಡೆಯುವಾಗಿನ ನೋವು 2, ಕುರ್ಚಿಯಿಂದ ಏಳುವುದು 9 ಬಾರಿ, ಮೂರು ಮೀಟರ್ ನಡಿಗೆ 12 ಸೆಕೆಂಡ್. ಆರು ತಿಂಗಳಿಗೆ ನೋವು 2, ಏಳುವುದು 11 ಬಾರಿ, ನಡಿಗೆ 11 ಸೆಕೆಂಡ್. ಒಂಬತ್ತನೆಯ ತಿಂಗಳಿಗೆ ನೋವು 4ಕ್ಕೆ ಏರಿತ್ತು, ಏಳುವುದು ಮಾತ್ರ 11ರಲ್ಲೇ ನಿಂತಿತ್ತು.

ನೋವು ಮರಳಿದ್ದು ಅನಿರೀಕ್ಷಿತವಲ್ಲ. ಸುಟ್ಟ ನರ ನಿಧಾನವಾಗಿ ಮತ್ತೆ ಬೆಳೆಯುತ್ತದೆ, ಫಲ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು. ಎಲ್ಲರಿಗೂ ಫಲ ಸಿಗುವುದೂ ಇಲ್ಲ. 2011ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ 38 ರೋಗಿಗಳ ಮೊದಲ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದ 17 ಜನರಲ್ಲಿ 10 ಮಂದಿಗೆ ಮೂರು ತಿಂಗಳ ಹೊತ್ತಿಗೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ನೋವು ಇಳಿದಿತ್ತು. 2018ರಲ್ಲಿ ಪ್ರಕಟವಾದ 151 ರೋಗಿಗಳ ಅಧ್ಯಯನದಲ್ಲಿ, ತಂಪಾಗಿಡುವ ಸೂಜಿಯಿಂದ ಚಿಕಿತ್ಸೆ ಪಡೆದವರಲ್ಲಿ ಶೇ. 74 ಮಂದಿಗೆ ಆರು ತಿಂಗಳಲ್ಲಿ ಅಷ್ಟು ಫಲ ಉಳಿದಿತ್ತು. ಸ್ಟೀರಾಯ್ಡ್ ಚುಚ್ಚುಮದ್ದು ಪಡೆದವರಲ್ಲಿ ಶೇ. 16 ಮಂದಿಗೆ.

ನೋವಿನ ಅಂಕಿ ಒಂದನ್ನೇ ನೋಡಿದ್ದರೆ ಈ ಪ್ರಕರಣದ ಲಾಭ ಕರಗುತ್ತಿದೆ ಎನ್ನಬೇಕಾಗುತ್ತಿತ್ತು. ಚಿಕಿತ್ಸೆಗೆ ಮೊದಲು ನೋವು 7 ಇದ್ದಾಗ ಐದು ಬಾರಿ ಏಳುತ್ತಿದ್ದವರು ಈಗ ನೋವು 4 ಇದ್ದರೂ ಹನ್ನೊಂದು ಬಾರಿ ಏಳುತ್ತಾರೆ. ಆ ಆರು ಎದ್ದೇಳುವಿಕೆ ಸ್ನಾಯುವಿನ ಗಳಿಕೆ, ನರ ಬೆಳೆದ ಮಾತ್ರಕ್ಕೆ ಹೋಗುವುದಿಲ್ಲ. ನೋವಿಲ್ಲದ ತಿಂಗಳುಗಳಲ್ಲಿ ವ್ಯಾಯಾಮ ಮಾಡದೆ ಕೂತವರಿಗೆ ಒಂಬತ್ತನೆಯ ತಿಂಗಳಲ್ಲಿ ಎರಡೂ ಅಂಕಿ ಒಟ್ಟಿಗೆ ಕೆಡುತ್ತವೆ.

ಮುಂದಿನ ಏರ್ಪಾಡು ಹೀಗಿದೆ. ಅದೇ ಮಂಡಿಗೆ ಈ ಚಿಕಿತ್ಸೆ ಮತ್ತೆ ಮಾಡಬಹುದು. ಮೊದಲ ಸಲ ಚೆನ್ನಾಗಿ ಫಲಿಸಿದ್ದರಿಂದ ಬ್ಲಾಕ್ ಮತ್ತೆ ಬೇಕಿಲ್ಲ ಎಂದು ತೀರ್ಮಾನವಾಗಿದೆ. ಪತಿ ಚೇತರಿಸಿಕೊಂಡಿದ್ದಾರೆ, ಹಾಗಾಗಿ ಮಂಡಿ ಬದಲಿಯ ಮಾತೂ ಮತ್ತೆ ಮೇಲೆದ್ದಿದೆ. ನರಕ್ಕೆ ಕೊಟ್ಟ ಶಾಖ ಮುಂದಿನ ಶಸ್ತ್ರಚಿಕಿತ್ಸೆಯ ದಾರಿ ಮುಚ್ಚುವುದಿಲ್ಲ, ಗಟ್ಟಿಯಾದ ತೊಡೆ ಅದಕ್ಕೆ ಅನುಕೂಲವೇ. ಆ ದಾರಿ ಹಿಡಿದರೆ ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ ಕೀಲಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವಂತಿಲ್ಲ, ಸೋಂಕಿನ ಅಪಾಯ ಹೆಚ್ಚುತ್ತದೆ. ಮರುಚಿಕಿತ್ಸೆಯನ್ನೇ ಆರಿಸಿಕೊಂಡರೆ ದಿನವನ್ನು ಅಡಿಕೆ ಕೊಯ್ಲಿಗೆ ಎರಡು ತಿಂಗಳು ಮೊದಲೇ ಗೊತ್ತುಮಾಡಿ, ಮನೆಗೆ ಕೊಡುವ ಚೀಟಿಯ ಮೊದಲ ಸಾಲಿನಲ್ಲೇ ಎರಡು ವಿಷಯ ಕನ್ನಡದಲ್ಲಿ ಬರೆಯಬೇಕು: ಆರು ವಾರ ಈ ಕಾಲಿಗೆ ಶಾಖ ಕೊಡಬೇಡಿ, ದಿನಾ ಬೆಳಿಗ್ಗೆ ಟೇಪಿನಿಂದ ಅಳೆದು ಬರೆಯಿರಿ.